ಎರಡನೇ ಗೇರಿನಲ್ಲಿ ಹಾನಗಲ್ಲಿಗೆ

ಜೀಪಿನ ಫೋಟೋ ತೆಗೆಯಲು ಪೂಜಾ ಸವಣೂರಿನಿಂದ ಮೊದಲ ಬಸ್ಸಿಗೇ ಬಂದಳು. ಅಕ್ಕಿಆಲೂರಿನ ರೈಸ್ ಮಿಲ್ಲಿನ ಹಿಂದಿನ ಓಣಿಯಲ್ಲಿ ಅವಳ ತಾಯಿ ಶೈಲಾ ಅಷ್ಟೊತ್ತಿಗೆ ಗಾಡಿ ತೊಳೆದು ನಿಲ್ಲಿಸಿದ್ದಳು. ಎಂಬತ್ತಾರರ ಮಾಡೆಲ್ಲು. ಹಸಿರು ಬಣ್ಣ ಅಲ್ಲಲ್ಲಿ ಎದ್ದು ಹೋಗಿತ್ತು, ಎಂಜಿನ್ ಮಾತ್ರ ಗಟ್ಟಿ. ಪೂಜಾ ನಾಲ್ಕೂ ಕಡೆಯಿಂದ ಫೋಟೋ ತೆಗೆದು, ಫೋನಿನಲ್ಲಿ ಜಾಹೀರಾತು ಹಾಕಿ, ತಾಯಿಗೆ ಓದಿ ಹೇಳಿದಳು.

"ಕ್ಲಾಸಿಕ್ ಆಫ್ ರೋಡ್ ಗಾಡಿ, ಮಾರಾಟಕ್ಕೈತಿ."

"ಆಫ್ ರೋಡ್ ಅಂದ್ರ ಏನ?"

"ರಸ್ತಾ ಇಲ್ಲದಲ್ಲಿ ಓಡೋ ಗಾಡಿ, ಯವ್ವಾ. ಶೋಕಿ ಇದ್ದವ್ರು ತಗೋತಾರ."

"ನಮ್ಮ ಗದ್ದಿ ಕಡೆ ರಸ್ತಾ ಇತ್ತು ಯಾವಾಗ?" ಎಂದಳು ಶೈಲಾ. ಹಾಗೆಂದು ಒದ್ದೆ ಬಟ್ಟೆ ಹಿಂಡಿ ಒಳಗೆ ಹೋದಳು.

ಗಂಡ ಸುಭಾಸ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಶೈಲಾ ಅತ್ತಿರಲಿಲ್ಲ. ಮಣ್ಣು ಮಾಡುವ ದಿನ ಬಂದವರಿಗೆಲ್ಲ ನೀರು ಕೊಟ್ಟಳು, ಮರುದಿನ ಅಂಗಳ ಸಾರಿಸಿದಳು, ಎರಡನೇ ವಾರದಿಂದ ಜೀಪು ಹೊಡೆಯಲು ಹೊರಟಳು. ಗಟ್ಟಿ ಹೆಂಗಸು ಎಂದು ಓಣಿಯವರು ಮೆಚ್ಚಿದರು. ಅವಳಿಗೆ ಗಟ್ಟಿ ಎನಿಸುತ್ತಿರಲಿಲ್ಲ. ಏನೂ ಎನಿಸುತ್ತಿರಲಿಲ್ಲ.

ಅವಳು ಗಾಡಿ ಕಲಿತದ್ದೇ ಒಂದು ಕಥೆ. ಒಂಬತ್ತು ವರ್ಷದ ಹಿಂದೆ, ಶ್ರಾವಣದಲ್ಲಿ, ಸುಭಾಸ ಹನ್ನೊಂದು ಜನ ಹೆಣ್ಣಾಳುಗಳನ್ನು ನಾಟಿಗೆ ಕರೆದೊಯ್ಯುತ್ತಿದ್ದ. ಶೈಲಾಳೂ ನಾಟಿಯವಳೇ, ಗಂಡನ ಪಕ್ಕದಲ್ಲಿ ಕೂತಿದ್ದಳು. ಕಾಲುವೆಯ ಏರಿಯ ಮೇಲೆ ಹೋಗುತ್ತಿದ್ದಾಗ ಅವನ ಬಲಗೈ ಸ್ಟಿಯರಿಂಗಿನಿಂದ ಜಾರಿತು, ಬಾಯಿ ಸೊಟ್ಟಗಾಯಿತು. ಲಕ್ವಾ ಹೊಡೆದಿತ್ತು. ಗಾಡಿ ಏರಿಯ ಅಂಚಿಗೆ ಹೋಗಿ ತಾನಾಗಿ ಬಂದ್ ಆಯಿತು. ಸುತ್ತ ಗದ್ದೆಯ ನೀರು ಬಿಟ್ಟರೆ ಒಂದು ನರಪಿಳ್ಳೆ ಇಲ್ಲ. ಹೆಂಗಸರು ಹೋ ಎಂದು ಅಳುತ್ತಲೇ ಅವನನ್ನೆತ್ತಿ ಹಿಂದೆ ಮಲಗಿಸಿದರು. ಶೈಲಾ ಅವನ ಜಾಗದಲ್ಲಿ ಕೂತಳು. ಹಿಂದೊಮ್ಮೆ ತಮಾಷೆಗೆ ಅವನು ಖಾಲಿ ಕಣದಲ್ಲಿ ಎರಡನೇ ಗೇರು ಹಾಕಿಸಿ ಎರಡು ಸುತ್ತು ಹೊಡೆಸಿದ್ದ. ಗೊತ್ತಿದ್ದದ್ದು ಅದೊಂದೇ ಗೇರು. ಅದೇ ಗೇರಿನಲ್ಲಿ, ಹಾರ್ನಿನಿಂದ ಕೈ ತೆಗೆಯದೆ, ಹಾನಗಲ್ಲಿನ ಆಸ್ಪತ್ರೆಯ ಬಾಗಿಲಿಗೆ ಹೋಗಿ ನಿಂತಳು.

ಸುಭಾಸ ಉಳಿದ. ಬಲಗಡೆಯ ಕೈಕಾಲು ಮತ್ತು ಮಾತು ಹೋದವು. ಮನೆಯಲ್ಲಿ ಕೂರಲು ಅವನು ಒಪ್ಪಲಿಲ್ಲ. ಶೈಲಾ ಅವನನ್ನು ಎಡಗಡೆಯ ಸೀಟಿನಲ್ಲಿ ಕೂರಿಸಿ, ಬೀಳದ ಹಾಗೆ ಟವೆಲ್ಲಿನಿಂದ ಕಟ್ಟಿ, ತಾನೇ ಗಾಡಿ ಹೊಡೆಯತೊಡಗಿದಳು. ಅವನು ಎಡಗೈಯಿಂದ ಮುಂದಿನ ತಗಡಿಗೆ ಬಡಿದು ಪಾಠ ಹೇಳಿದ. ಒಂದು ಬಡಿತಕ್ಕೆ ಮೇಲಿನ ಗೇರು, ಎರಡಕ್ಕೆ ಕೆಳಗಿನದು. ಲೈಸೆನ್ಸ್ ಬಂತು, ಗಾಡಿ ಅವಳ ಹೆಸರಿಗಾಯಿತು. ಹತ್ತೂರ ಕೆಸರು ಪರಿಚಯವಾಯಿತು. ಆಮೇಲೂ ಅವನು ಬಡಿಯುವುದನ್ನು ಬಿಡಲಿಲ್ಲ, ಅವಳೂ ಬೇಡ ಅನ್ನಲಿಲ್ಲ.

ಅವನು ಹೋದ ಮೇಲೆ ಒಂದು ದಿನ ಏರು ಹತ್ತುವಾಗ ಎಂಜಿನ್ ನಡುಗತೊಡಗಿತು. ಹಿಂದಿನಿಂದ ಹೆಣ್ಣಾಳು ಗುತ್ತೆವ್ವ ಚೀರಿದಳು: "ಶೈಲಕ್ಕಾ, ಗೇರ ಬದಲಸ! ಹಿಂದಕ್ಕ ಹೊಂಟೈತಿ ಗಾಡಿ!" ಆಗಲೇ ಶೈಲಾಳಿಗೆ ತಿಳಿದದ್ದು, ತಾನು ಬಡಿತಕ್ಕಾಗಿ ಕಾಯುತ್ತ ಕೂತಿದ್ದೆ ಎಂದು. ಆ ಸಂಜೆಯೇ ಮಗಳಿಗೆ ಫೋನ್ ಮಾಡಿ ಗಾಡಿ ಮಾರು ಎಂದಳು. ಕಾರಣ ಹೇಳಲಿಲ್ಲ.

ಜಾಹೀರಾತು ನೋಡಿ ಶಿಗ್ಗಾಂವಿಯಿಂದ ಶಂಭುಲಿಂಗ ಎಂಬವರು ಬಂದರು. ಅರಿವೆ ಅಂಗಡಿಯವರು. ರಜೆಯ ದಿನ ಗೆಳೆಯರೊಂದಿಗೆ ಗಾಡಿಯನ್ನು ಗುಡ್ಡ ಹತ್ತಿಸುವ ಹುಚ್ಚು. ಗಾಡಿಯ ಸುತ್ತ ಎರಡು ಸಲ ತಿರುಗಿ, "ಅಕ್ಕಾರ, ನಾಲ್ಕೂ ಗಾಲಿ ಎಳಿತಾವೋ ಇಲ್ಲೋ, ಒಮ್ಮೆ ಕೆಸರಾಗ ನೋಡೂಣೇನ್ರಿ?" ಎಂದರು.

ಊರ ಕೆರೆಯ ಅಂಗಳಕ್ಕೆ ಹೋದರು. ಶಂಭುಲಿಂಗ ಸ್ಟಿಯರಿಂಗ್ ಹಿಡಿದರು. ಶೈಲಾ ಎಡಗಡೆ ಕೂತಳು. ಆ ಸೀಟಿನಲ್ಲಿ ಅವಳು ಒಂಬತ್ತು ವರ್ಷ ಕೂತಿರಲಿಲ್ಲ. ಅಲ್ಲಿಂದ ರಸ್ತೆ ಬೇರೆಯಾಗಿ ಕಂಡಿತು. ಕೆಸರಿಗಿಳಿದು ಹತ್ತು ಮಾರು ಹೋಗುವಷ್ಟರಲ್ಲಿ ಗಾಲಿ ಹೂತುಕೊಂಡವು. ಅವರು ಆಕ್ಸಿಲರೇಟರ್ ಒತ್ತಿದಷ್ಟೂ ಗಾಡಿ ಕೆಳಗಿಳಿಯಿತು. ಆಗ ಮುಂದಿನ ತಗಡಿನ ಮೇಲೆ ಎರಡು ಸಲ ಸದ್ದಾಯಿತು.

ಶಂಭುಲಿಂಗ ತಿರುಗಿ ನೋಡಿದರು. "ಏನಾತ್ರಿ?"

ಶೈಲಾ ತನ್ನ ಎಡಗೈ ನೋಡಿಕೊಂಡಳು. ಬಡಿದದ್ದು ಅದೇ.

"ಕೆಳಗಿನ ಗೇರ ಹಾಕ್ರಿ," ಎಂದಳು. "ಆ ಸಣ್ಣ ಲಿವರ್ ಹಿಂದಕ್ಕ ಜಗ್ರಿ. ಅವಸರ ಮಾಡಬ್ಯಾಡ್ರಿ. ಬಿಟ್ರ ಅದ ಬರ್ತೈತಿ."

ಗಾಡಿ ಗುರುಗುಟ್ಟುತ್ತ ಕೆಸರು ಬಿಟ್ಟು ಮೇಲೆ ಬಂತು. ಶಂಭುಲಿಂಗ ಮಕ್ಕಳ ಹಾಗೆ ನಕ್ಕು, "ಯಾರ್ರಿ ಕಲಿಸಿದ್ದು ನಿಮಗ?" ಎಂದರು.

"ನಮ್ಮ ಮನ್ಯಾಗಿನವ್ರು ಕಲಿಸಿದ್ರು."

"ಎಲ್ಲದಾರ್ರಿ ಅವ್ರು?"

"ತೀರಿಕೊಂಡ್ರು." ಹವಾಮಾನ ಹೇಳಿದಂತೆ ಹೇಳಿದಳು. ಅವರ ನಗು ನಿಂತಿತು. ಆಮೇಲೆ ಅವರು ರೇಟಿಗೆ ಜಗ್ಗಾಡಲಿಲ್ಲ.

ಮರುವಾರ ಕಾಗದಗಳಿಗೆ ಸಹಿಯಾಗಿ ಜೀಪು ಹೋಯಿತು. ಸೀಟಿಗೆ ಕಟ್ಟಿದ್ದ ಟವೆಲ್ಲಿನ ಗಂಟು ಬಿಚ್ಚಲು ಶೈಲಾ ನೋಡಿದಳು. ಕೆಸರು ಬೆವರು ಕುಡಿದು ಅದು ಕಲ್ಲಾಗಿತ್ತು. ಪೂಜಾ ಕುಡುಗೋಲು ತಂದಳು. "ಇರಲಿ ಬಿಡ," ಎಂದಳು ಶೈಲಾ. ಗಾಡಿ ಓಣಿಯ ತಿರುವು ದಾಟಿದ ಮೇಲೆ ಪೂಜಾ ಗೋಡೆಗೆ ಒರಗಿ ಅತ್ತಳು. ಶೈಲಾ ಮಗಳ ಬೆನ್ನು ಸವರಿದಳು.

ಮೂರು ದಿನ ಬಿಟ್ಟು ಬೆಳಿಗ್ಗೆ ಶಂಭುಲಿಂಗರ ಫೋನ್ ಬಂತು.

"ಅಕ್ಕಾರ, ಚಾಲೂನ ಆಗವಲ್ದು ನೋಡ್ರಿ."

"ಥಂಡಿ ಐತಲ್ರಿ, ಅದಕ. ಸ್ವಲ್ಪ ಇಳುಕಲಿಗೆ ನಿಂದರ್ಸಿ ನೂಕಸ್ರಿ. ಎರಡನೇ ಗೇರಿನ್ಯಾಗ ಕ್ಲಚ್ ಬಿಡ್ರಿ."

ಫೋನು ಕಿವಿಗಿಟ್ಟುಕೊಂಡೇ ನಿಂತಳು. ಆ ಕಡೆ ಯಾರೋ ಕೂಗಿದರು, ಎಂಜಿನ್ ಎರಡು ಸಲ ಕೆಮ್ಮಿ ಹತ್ತಿಕೊಂಡಿತು. "ಆತ್ರಿ ಅಕ್ಕಾರ, ಆತು!" ಎಂದು ಅವರು ಫೋನ್ ಇಟ್ಟರು.

ಹೊರಗೆ ಗುತ್ತೆವ್ವ ಕರೆಯುತ್ತಿದ್ದಳು. ನಾಟಿಯವರನ್ನು ಒಯ್ಯಲು ಟ್ರ್ಯಾಕ್ಟರ್ ಬಂದಿತ್ತು. ಶೈಲಾ ಬುತ್ತಿ ಕಟ್ಟಿಕೊಂಡು ಟ್ರೇಲರ್ ಹತ್ತಿದಳು. ಹೆಂಗಸರು ಸರಿದು ಜಾಗ ಕೊಟ್ಟರು. ಯಾರೋ ಎಲೆ ಅಡಿಕೆ ಮುಂದೆ ಚಾಚಿದರು. ಅವಳು ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. ಗದ್ದೆ ಬರುವವರೆಗೂ ಹಿಂದೆ ಸರಿಯುವ ರಸ್ತೆಯನ್ನೇ ನೋಡುತ್ತ ಕೂತಿದ್ದಳು.