ಇದರ ಗೇರ್ ಎಲ್ಲಿ ಬರ್ತೈತಿ?

ಚಿಗಪ್ಪನ ಬಿಳಿ ಧೋತರದ ಮೇಲೆ, ಸರಿಯಾಗಿ ಎಡತೊಡೆಯ ಜಾಗದಲ್ಲಿ, ಅಂಗೈ ಅಗಲದ ಎಣ್ಣೆ ಕಲೆ ಯಾವಾಗಲೂ ಇರುತ್ತಿತ್ತು. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದವರು, ದಿನಾ ಒಗೆದ ಬಟ್ಟೆಯನ್ನೇ ಉಡುವವರು. ನೋಡಿದವರು ಅದನ್ನು ಗಿರಣಿಯ ಗ್ರೀಸ್ ಅಂದುಕೊಳ್ಳುತ್ತಿದ್ದರು. ಎಲ್ಲಿಯ ಗ್ರೀಸು! ಅದು ನಮ್ಮ ಚಿಗವ್ವನ ತಲೆಯ ಕೊಬ್ಬರಿ ಎಣ್ಣೆ.

ಕಿಡ್ನಿ ಕೈಕೊಟ್ಟ ಮೇಲೆ ಚಿಗವ್ವ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೊಸಪೇಟೆಗೆ ಬರಬೇಕಾಗಿತ್ತು. ಚಿಗಪ್ಪನ ಹಳೇ ಅಂಬಾಸಿಡರ್ ಇತ್ತಲ್ಲ, ಅದರಲ್ಲೇ. ಆ ಕಾರಿನ ಗೇರ್ ಇದ್ದದ್ದು ನೆಲದಲ್ಲಲ್ಲ, ಸ್ಟೀರಿಂಗಿನ ಪಕ್ಕದಲ್ಲಿ. ಹಾಗಾಗಿ ಮುಂದಿನ ಸೀಟು ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಮಂಚದಂತೆ ಒಂದೇ ಸಮ. ಚಿಗವ್ವ ಕಾಲು ಮಡಚಿ ಮಲಗಿ, ಗಂಡನ ತೊಡೆಯ ಮೇಲೆ ತಲೆ ಇಟ್ಟಳೆಂದರೆ ಊರು ಬರುವವರೆಗೆ ಕಣ್ಣು ತೆರೆಯುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಮಲಗಿಸಿದರೆ ಅವಳಿಗೆ ವಾಂತಿ, ಅದಕ್ಕಿಂತ ಹೆಚ್ಚಾಗಿ ಭಯ. ಸೂಜಿ ಚುಚ್ಚಿಸಿಕೊಂಡು ಸೋತು ಬಂದ ಜೀವ, ಹತ್ತಿರ ಒಬ್ಬರು ಬೇಕು ಅನಿಸುತ್ತಿತ್ತೇನೋ. ಮಕ್ಕಳಿಲ್ಲ ಅವರಿಗೆ, ಇಬ್ಬರಿಗೆ ಇಬ್ಬರೇ.

ಮಾತಿನಲ್ಲಿ ಚಿಗಪ್ಪ ಮಹಾ ಜಿಪುಣರು. ಕೇಳಿದ್ದಕ್ಕೆ "ಹೂಂ", ಕೇಳದಿದ್ದರೆ ಅದೂ ಇಲ್ಲ. "ನಿಮ್ ಚಿಗಪ್ಪನ ಬಾಯಿಗೆ ಕೀಲಿ ಹಾಕಿ, ಕೀಲಿಕೈ ನಮ್ಮತ್ತಿ ಒಯ್ದಾಳ ನೋಡು" ಎಂದು ಚಿಗವ್ವ ಅವರೆದುರಿಗೇ ಗೇಲಿ ಮಾಡುತ್ತಿದ್ದಳು. ಅವರು ಅದಕ್ಕೂ "ಹೂಂ" ಅನ್ನುತ್ತಿದ್ದರು. ಹೆಂಡತಿಯ ತಲೆ ತೊಡೆಯ ಮೇಲಿದ್ದಾಗ ಮಾತಾದರೂ ಯಾಕೆ ಬೇಕು ಹೇಳಿ.

ಒಂದು ಬೇಸಿಗೆಯಲ್ಲಿ ಎಂಜಿನ್ ಸತ್ತಿತು. ಹೊಸಪೇಟೆಯ ಮೇಸ್ತ್ರಿ ಬಿಚ್ಚಿ ನೋಡಿ, "ಬ್ಲಾಕ್ ಸೀಳೈತ್ರಿ ಧಣಿ, ಇದರ ಕತಿ ಮುಗೀತು. ಒಂದು ಡೀಸೆಲ್ ಎಂಜಿನ್ ಐತಿ, ಕರೆಕ್ಟ್ ಕುಂದರ್ತೈತಿ. ಐದು ಗೇರು, ಮಸ್ತ್ ಓಡತೈತಿ" ಎಂದ.

"ಗೇರ್ ಎಲ್ಲಿ ಬರ್ತೈತಿ?"

"ನೆಲದಾಗ್ರೀ. ನಿಮ್ ಹಳೇ ಗೇರ್‌ಬಾಕ್ಸು ಇದಕ್ಕ ಕೂಡಂಗಿಲ್ಲ. ಮುಂದಿನ ಸೀಟು ನಡು ಕತ್ತರಿಸಿ ಎರಡು ಮಾಡಬೇಕಾಕ್ಕತಿ."

"ಬ್ಯಾಡ" ಎಂದು ಎದ್ದು ಬಂದರು.

ಆಮೇಲೆ ಶುರುವಾಯಿತು ನೋಡಿ ಹುಡುಕಾಟ. ಬಳ್ಳಾರಿ, ಗಂಗಾವತಿ, ಸಂಡೂರು ಎಂದು ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದರು. ಎಂಜಿನ್ ಕೊಳ್ಳಲು ಬಂದವರು ಎಷ್ಟು ಓಡಿದೆ, ಎಣ್ಣೆ ಎಷ್ಟು ಕುಡಿಯುತ್ತದೆ ಎಂದು ಕೇಳುತ್ತಾರೆ. ಇವರದು ಒಂದೇ ಪ್ರಶ್ನೆ: "ಇದರ ಗೇರ್ ಎಲ್ಲಿ ಬರ್ತೈತಿ?" ಗುಜರಿಯವರು ಮುಖ ಮುಖ ನೋಡಿಕೊಂಡು ನಗುತ್ತಿದ್ದರಂತೆ. ಯಾಕೆ ಅಂತ ಚಿಗಪ್ಪ ಒಬ್ಬರಿಗೂ ಹೇಳಲಿಲ್ಲ. ಸಂಡೂರಿನ ಒಬ್ಬ ಮಾತ್ರ, ಗಣಿ ಮಾಲೀಕರೊಬ್ಬರ ಶೆಡ್ಡಿನಲ್ಲಿ ಇಂಥದೇ ಹಳೇ ಪೆಟ್ರೋಲ್ ಗಾಡಿ ನಿಂತಿದೆ, ಅವರು ಊರಿಗೆ ಬಂದಾಗ ಕೇಳಿ ನೋಡುತ್ತೇನೆ ಎಂದು ನಂಬರ್ ಬರೆದುಕೊಂಡ.

ಅಷ್ಟು ದಿನ ಚಿಗವ್ವ ಬಾಡಿಗೆ ಕಾರುಗಳಲ್ಲಿ ಓಡಾಡಿ ಹಣ್ಣಾದಳು. ಕೊನೆಗೆ ನನ್ನೆದುರಿಗೇ ಅವಳು ಅಂದಳು: "ಸಾಕಾತ್ರೀ ನನಗ. ಯಾರ್ಯಾರ್ದೋ ಗಾಡಿಯಾಗ ವಾಂತಿ ಮಾಡಿ ಬೈಸ್ಕೊಳ್ಳದು ಬ್ಯಾಡ. ಆ ಡೀಸೆಲ್ ಎಂಜಿನ್ನೇ ಹಾಕ್ಸಿಬಿಡ್ರಿ. ನಾ ಹಿಂದ ಮಲಗ್ತೀನಿ, ನೀವು ಮಾತಾಡ್ಕೋಂತ ಹೊಡೀರಿ. ನಿಮ್ ದನಿ ಕೇಳ್ತಿದ್ರ ಅಂಜಿಕಿ ಆಗಂಗಿಲ್ಲ ನನಗ."

ಚಿಗಪ್ಪ "ಹೂಂ" ಅಂದರು. ಸೀಟು ಕತ್ತರಿಸುವ ದಿನ ಗ್ಯಾರೇಜಿನ ಕಡೆ ತಲೆ ಹಾಕಲಿಲ್ಲ.

ಆ ಮೂಕಬಸವ ಮಾತು ಕಲಿತ ಸೊಬಗು ಏನು ಹೇಳಲಿ! ಕಂಪ್ಲಿ ಬಿಟ್ಟರೆ ಹೊಸಪೇಟೆಯವರೆಗೂ ಬಾಯಿ ನಿಲ್ಲುತ್ತಿರಲಿಲ್ಲವಂತೆ. ಬುಕ್ಕಸಾಗರ ಬಂತು, ಬಾಳೆ ಗೊನೆ ಬಿಟ್ಟಿದೆ, ಅಗೋ ಕುರಿಹಿಂಡು ಅಡ್ಡ ಬಂತು. "ನಿಮ್ ಚಿಗಪ್ಪ ಈಗ ರೇಡಿಯೋ ಆಗ್ಯಾನ" ಎಂದು ಚಿಗವ್ವ ಹೇಳಿ ಹೇಳಿ ನಗುತ್ತಿದ್ದಳು. ಅವಳು ನಕ್ಕದ್ದು ನೋಡಿ ನನಗೂ ಸಮಾಧಾನವಾಗಿತ್ತು.

ನನ್ನ ಮನೆ ಹೊಸಪೇಟೆ ಪಕ್ಕದ ಟಿ.ಬಿ. ಡ್ಯಾಂನಲ್ಲಿ, ಕ್ವಾರ್ಟರ್ಸಿನಲ್ಲಿ. ಅಣ್ಣನ ಮಗಳಾದ ನನ್ನನ್ನೇ ಇಬ್ಬರೂ ಮಗಳು ಅನ್ನುತ್ತಿದ್ದರು; ಅವರು ಬರುವ ದಿನ ಗಂಜಿ ಮಾಡಿಕೊಂಡು ಆಸ್ಪತ್ರೆಯ ಗೇಟಿನಲ್ಲಿ ಕಾಯುತ್ತಿದ್ದೆ. ಅವತ್ತೂ ಕಾರು ಬಂತು. ಕಿಟಕಿ ಇಳಿಸಿತ್ತು, ಚಿಗಪ್ಪನ ದನಿ ಮೊದಲೇ ಕೇಳಿಸಿತು. "ಕಮಲಾಪುರದ ಕೆರಿ ತುಂಬೈತಿ, ನೋಡಲಿಲ್ಲ ನೀನು. ಇರ್ಲಿ, ಹೋಗೋವಾಗ ನಿಂದರಸ್ತೀನಿ. ಏಳು, ಆಸ್ಪತ್ರಿ ಬಂತು. ಗಂಜಿ ತಂದಾಳ ನಿನ್ ಮಗಳು." ನಾನು ಹಿಂದಿನ ಬಾಗಿಲು ತೆಗೆದೆ. ಚಿಗವ್ವನ ಬಾಯಿ ಸ್ವಲ್ಪ ತೆರೆದಿತ್ತು. ಕೈ ಮುಟ್ಟಿದೆ. ದೇವರೇ, ಅದು ತಣ್ಣಗಾಗಿತ್ತು. ಚಿಗಪ್ಪ ಇನ್ನೂ ಎಂಜಿನ್ ಆರಿಸುತ್ತ ಮಾತಾಡುತ್ತಲೇ ಇದ್ದರು. ನನ್ನ ಮುಖ ನೋಡಿ ಅವರ ಮಾತು ಅಲ್ಲಿಗೇ ನಿಂತಿತು.

ಹೃದಯ ನಿಂತಿದೆ, ಎಲ್ಲಿ ಮಲಗಿಸಿದ್ದರೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ನಾನೂ ಅದನ್ನೇ ಹೇಳಿ ಸಮಾಧಾನ ಮಾಡಲು ಹೋದೆ. ಚಿಗಪ್ಪ ಅಂದರು: "ಉಳೀತಿರ್ಲಿಲ್ಲ, ಖರೆ. ಮುಂದ ಇದ್ದಿದ್ರ ನನ್ ತೊಡಿ ಮ್ಯಾಲ ಹೋಗ್ತಿದ್ಲು. ಎಲ್ಲಿ ಹೋದ್ಲು ಅಂತನೂ ಗೊತ್ತಾಗಲಿಲ್ಲಲ್ಲ ಯವ್ವ ನನಗ. ಬುಕ್ಕಸಾಗರದಾಗೋ, ಕಮಲಾಪುರದಾಗೋ. ಯಾರ ಮುಂದ ಮಾತಾಡಿದೆ ನಾನು?"

ಮಣ್ಣು ಮಾಡಿ ಬಂದ ಮೇಲೆ ಅವರ ಬಾಯಿ ಮತ್ತೆ ಮುಚ್ಚಿತು. ಕೆಲವು ತಿಂಗಳ ನಂತರ ಸಂಡೂರಿನಿಂದ ಫೋನ್ ಬಂತು, ಪೆಟ್ರೋಲ್ ಗಾಡಿಯ ಎಂಜಿನ್ನು, ಗೇರ್‌ಬಾಕ್ಸು ಎರಡೂ ಕೊಡುತ್ತಾರೆ ಎಂದು. ಚಿಗಪ್ಪ ಅವತ್ತೇ ಹೋಗಿ ತಂದರು. "ಹುಚ್ಚು ಹಿಡಿದೈತೇನಲೇ ನಿನಗ? ಇನ್ಯಾರಿಗಿ ಬೇಕದು?" ಎಂದು ನಮ್ಮಪ್ಪ ಬೈದರು. ಚಿಗಪ್ಪ "ಹೂಂ" ಎಂದು ಡೀಸೆಲ್ ಎಂಜಿನ್ ಇಳಿಸಿ ಇದನ್ನು ಕೂಡಿಸಿದರು. ಕತ್ತರಿಸಿದ ಸೀಟಿಗೆ ಹೊಸ ಚೌಕಟ್ಟು ಹೊಡೆಸಿ ಮತ್ತೆ ಒಂದೇ ಮಾಡಿಸಿದರು.

ಚಿಗಪ್ಪ ಹೋಗಿ ಈಗ ವರ್ಷವಾಗುತ್ತ ಬಂತು. ಮಲಗಿದಲ್ಲೇ ಹೋದರು, ಯಾರಿಗೂ ತೊಂದರೆ ಕೊಡದೆ. ಅವರನ್ನು ನೆನೆದರೆ ನನ್ನ ಕಣ್ಣಿಗೆ ಬರುವುದು, ಹಳೇ ಎಂಜಿನ್ ಮತ್ತೆ ಕೂತ ಮೇಲೆ ಹಂಪಿಗೆ ಹೋಗಿ ಗಾಡಿ ಪೂಜೆ ಮಾಡಿಸೋಣ ಎಂದು ನನ್ನನ್ನು ಕರೆಯಲು ಬಂದ ಬೆಳಗ್ಗೆ. ನಾನು ಮುಂದಿನ ಬಾಗಿಲು ತೆಗೆದು ಅವರ ಪಕ್ಕ ಕುಳಿತೆ. ಅವರು ಗಾಡಿ ಎತ್ತಲಿಲ್ಲ. ಸೀಟಿನ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿ, ಬಹಳ ಸಂಕೋಚದಿಂದ ಅಂದರು:

"ತಪ್ಪು ತಿಳೀಬ್ಯಾಡ ಯವ್ವ. ನೀ ಕುಂತ್ರ ಆಕಿಗಿ ಕಾಲು ಮಡಚಾಕ ಜಾಗ ಸಾಲಂಗಿಲ್ಲ."

ನಾನು ಇಳಿದು ಹಿಂದೆ ಹೋಗಿ ಕುಳಿತೆ.