ಬರ್ರಿ, ನಾಷ್ಟಾ ಮಾಡೂಣು

ಬೆಂಗಳೂರಿನ ಜಯನಗರ ನಾಲ್ಕನೇ ಬ್ಲಾಕ್, ಬೆಳಗಿನ ಎಂಟು ಗಂಟೆ. ನಿಂತೇ ತಿನ್ನುವ ಹೋಟೆಲು. ಒಂದೊಂದು ಮೇಜಿಗೂ ಮೂರು ನಾಲ್ಕು ಅಪರಿಚಿತರು. ನಾನು ಧಾರವಾಡದ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಹೇಳುವವನು. ಸಂಸ್ಕೃತಿ ಎಂದರೆ ನಮಗೇ ಗೊತ್ತಾಗದಂತೆ ಮೈಗೂಡಿದ್ದು ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಇವತ್ತು ವಡೆ ಮುರಿಯುವ ಮೊದಲು, ಎದುರಿಗೆ ಕಾಫಿ ಕುಡಿಯುತ್ತಿದ್ದ ಹಿರಿಯರಿಗೆ ನನ್ನ ಬಾಯಿ ತಾನಾಗಿಯೇ, "ಬರ್ರಿ, ನಾಷ್ಟಾ ಮಾಡೂಣು" ಎಂದುಬಿಟ್ಟಿತು.

ನಮ್ಮ ಕಡೆ ಇದಕ್ಕೆ "ನಿಮ್ದು ನಡೀಲ್ರಿ" ಎನ್ನಬೇಕು. ಅಲ್ಲಿಗೆ ಇಬ್ಬರ ಮರ್ಯಾದೆಯೂ ಉಳಿಯುತ್ತದೆ, ವಡೆಯೂ ಉಳಿಯುತ್ತದೆ. ಇವರು ನನ್ನನ್ನೊಮ್ಮೆ, ವಡೆಯನ್ನೊಮ್ಮೆ ನೋಡಿದರು.

"ಇಷ್ಟು ಪ್ರೀತಿಯಿಂದ ಕರೀತಿದ್ದೀರಾ, ಬೇಡ ಅನ್ನಕ್ಕಾಗುತ್ತಾ ಸಾರ್" ಎಂದು ಅರ್ಧ ಮುರಿದುಕೊಂಡರು.

ನನ್ನದೋ ರಾತ್ರಿಯಿಡೀ ಬಸ್ಸಿನಲ್ಲಿ ಬಂದ ಹೊಟ್ಟೆ. ಇದ್ದದ್ದು ಒಂದೇ ವಡೆ.

ಅಷ್ಟರಲ್ಲಿ ಕೊರಳಲ್ಲಿ ಆಫೀಸಿನ ಕಾರ್ಡು ಹಾಕಿಕೊಂಡ ಹುಡುಗಿಯೊಬ್ಬಳು ಇಡ್ಲಿ ತಟ್ಟೆ ಹಿಡಿದು ನಮ್ಮ ಮೇಜಿಗೆ ಬಂದಳು. ಹಿರಿಯರಿಗೆ ಹುರುಪು ಬಂದಿತ್ತು. "ಬಾಮ್ಮ, ವಡೆ ತಿನ್ನು" ಎಂದು ಅವಳನ್ನೂ ಕರೆದರು.

"ನಿಮ್ದು ನಡೀಲ್ರಿ ಅಂಕಲ್" ಎಂದಳು ಹುಡುಗಿ, ತಟ್ಟೆಯಿಂದ ಕಣ್ಣೆತ್ತದೆ.

ನನಗೆ ನಗು ತಡೆಯಲಾಗಲಿಲ್ಲ. ಹಿರಿಯರು ಅವಳನ್ನು ನೋಡಿದರು, ಆಮೇಲೆ ನನ್ನ ತಟ್ಟೆಯಲ್ಲಿ ಉಳಿದಿದ್ದ ಅರ್ಧ ವಡೆಯನ್ನು.

"ಓ, ನಾನೂ ಹಾಗನ್ನಬೇಕಿತ್ತಾ?"

"ಇರ್ಲಿ ಬಿಡ್ರಿ, ಇನ್ನರ್ಧಾನೂ ತಗೋರಿ" ಎಂದು ತಟ್ಟೆಯನ್ನು ಅವರತ್ತ ಸರಿಸಿದೆ. ಈ ಸಲ ಕರೆದದ್ದು ಬಾಯಿಯ ರೂಢಿಯಲ್ಲ, ನಾನೇ.