ಒಂದು ಪುಟದ ರಾಧಾಮಣಿ

ಸೋಲಾರ್ ಪಾರ್ಕಿನ ಗೇಟಿಗೆ ಅಂಟಿಸಿದ್ದ ಆ ಕಾಗದವನ್ನು ರಾಧಾಮಣಿ ಓದಿದ್ದೇ ಬೇರೆಯವರಿಗೋಸ್ಕರ. ಹುಲ್ಲು ಕುಯ್ಯುವ, ಸೋಲಾರ್ ಪ್ಲೇಟು ತೊಳೆಯುವ ಹನ್ನೊಂದು ಹೆಂಗಸರ ಗುಂಪಿನಲ್ಲಿ ಸರಾಗವಾಗಿ ಓದಲು ಬರುತ್ತಿದ್ದದ್ದು ಅವಳೊಬ್ಬಳಿಗೇ. "ಮಹಿಳಾ ಮೇಲ್ವಿಚಾರಕಿ, ಒಂದು ಹುದ್ದೆ. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಬಯೋಡೇಟಾ ಜೊತೆ ಸಂದರ್ಶನಕ್ಕೆ ಬರುವುದು" ಎಂದು ಗಟ್ಟಿಯಾಗಿ ಓದಿ, ತಲೆಗೆ ಟವೆಲ್ ಸುತ್ತಿಕೊಂಡು ಕುಡುಗೋಲು ಹಿಡಿದು ಹೊರಟೇಬಿಟ್ಟಳು.

ಗುಂಪಿಗೆಲ್ಲ ಹಿರಿಯಳಾದ ಪಾಪಕ್ಕ ಬಿಡಬೇಕಲ್ಲ. "ನಿಂತ್ಕೊಳೇ ರಾಧಾ. ನೀನು ಪಾಸಾಗಿಲ್ವಾ?"

"ಆಗಿ ಇಪ್ಪತ್ತು ವರ್ಷ ಆಯ್ತು ಬುಡಕ್ಕ."

"ಪಾಸಾಗಿದ್ದು ಅನ್ನ ಹಳಸ್ದಂಗೆ ಹಳಸೋಯ್ತದಾ? ನೀನೇ ಹಾಕು. ಅದೇನೋ ಬಯೋಡೇಟಾ ಅಂದ್ಯಲ್ಲ, ಹೆಣ್ಣು ನೋಡೋ ಬ್ರೋಕರ್ ಕೇಳ್ತಾನಲ್ಲ, ಅದಾ?"

"ಅದೇ ಇರ್ಬೇಕು."

"ನಿಂಗೆ ಮದ್ವೆ ಆಗೋಗೈತಲ್ಲಮ್ಮ ಮತ್ತೆ!"

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ರಾಧಾಮಣಿಯೂ ನಕ್ಕಳು. ಆದರೆ ಮಧ್ಯಾಹ್ನದವರೆಗೆ ಹುಲ್ಲು ಕುಯ್ಯುವಾಗಲೂ ಆ ಕಾಗದ ಕಣ್ಣ ಮುಂದೆಯೇ ಇತ್ತು.

ರಾಧಾಮಣಿ ಬಡವನಹಳ್ಳಿಯ ಸಂಜೀವಯ್ಯನ ಮಗಳು. ಹತ್ತನೇ ಕ್ಲಾಸು ಸೆಕೆಂಡ್ ಕ್ಲಾಸಿನಲ್ಲಿ ಪಾಸಾಗಿ, ಮಧುಗಿರಿಯ ಕಾಲೇಜಿಗೆ ಅರ್ಜಿ ತಂದಿಟ್ಟುಕೊಂಡಿದ್ದಳು. ಆ ಅರ್ಜಿ ತುಂಬುವುದು ಆಗಲೇ ಇಲ್ಲ. ಎರಡು ವರ್ಷ ಮನೆಯಲ್ಲಿದ್ದವಳನ್ನು ವಳ್ಳೂರಿನ ರಂಗರಾಜುವಿಗೆ ಕೊಟ್ಟರು. ರಂಗರಾಜುವಿಗೆ ಮೂರೆಕರೆ ಹೊಲ, ಕಡಲೆಕಾಯಿ ಬೆಳೆ. ಸೋಲಾರ್ ಬಂದಾಗ ಊರವರ ಜೊತೆ ಅವರೂ ಹೊಲವನ್ನು ಗುತ್ತಿಗೆಗೆ ಕೊಟ್ಟರು. ರಂಗರಾಜು ಲಗೇಜ್ ಆಟೊ ಹಿಡಿದ. ರಾಧಾಮಣಿ ತಾನು ಕಳೆ ಕೀಳುತ್ತಿದ್ದ ಹೊಲದಲ್ಲೇ, ಈಗ ಸಾಲು ಸಾಲು ಪ್ಲೇಟುಗಳ ಕೆಳಗೆ, ಹುಲ್ಲು ಕುಯ್ಯಲು ಸೇರಿದಳು. ಅದಾಗಿ ಏಳನೇ ವರ್ಷ ಇದು.

ಭಾನುವಾರ ಪಾವಗಡಕ್ಕೆ ಹೋದಳು. ಬಸ್ ಸ್ಟ್ಯಾಂಡ್ ಎದುರು ಮೋಹನ್ ಕುಮಾರ್ ಎಂಬುವನ ಕಂಪ್ಯೂಟರ್ ಅಂಗಡಿ. ಅವನ ಹತ್ತಿರ ಸಿದ್ಧ ಮಾದರಿಯೊಂದಿತ್ತು. ಹೆಸರು, ಊರು ಬದಲಾಯಿಸಿದರೆ ಯಾರಿಗಾದರೂ ಆಗುತ್ತಿತ್ತು.

"ಹವ್ಯಾಸ ಏನ್ ಹಾಕ್ಲಿ ಅಕ್ಕ? ಚೆಸ್ಸು, ಈಜು ಅಂತೈತೆ. ಎಲ್ರಿಗೂ ಅದೇ ಹಾಕೋದು."

"ಪಾವಗಡದಾಗೆ ಎಲ್ಲಿ ಈಜ್ಲಪ್ಪ? ತೆಗೆದ್ಬುಡು."

"ಆಯ್ತು. ಅನುಭವ ಇಲ್ಲ, ಅಲ್ವಾ?" ಎಂದವನೇ ಟಪಟಪ ಟೈಪು ಮಾಡಿದ. ಅನುಭವ: ಇಲ್ಲ.

ಪರದೆಯ ಮೇಲೆ ಆ ಎರಡು ಪದ ನೋಡಿ ರಾಧಾಮಣಿಗೆ ಕೆನ್ನೆಗೆ ಹೊಡೆದಂತಾಯಿತು. "ಏಳು ವರ್ಷದಿಂದ ಅಲ್ಲೇ ಕೆಲ್ಸ ಮಾಡ್ತಿದೀನಿ" ಎಂದಳು.

"ಏನ್ ಕೆಲ್ಸ?"

"ಹುಲ್ಲು ಕುಯ್ಯೋದು. ಪ್ಲೇಟ್ ತೊಳ್ಯೋದು."

"ಅದನ್ನ ಬರೆದ್ರೆ ಚೆನ್ನಾಗಿರಲ್ಲ ಕಣಕ್ಕ." ಅವನೇನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ.

"ಪ್ರಿಂಟು ತೆಗೀಬೇಡ. ನಾನೇ ಬರ್ಕೊಂಡ್ ಬತ್ತೀನಿ" ಎಂದು ಎದ್ದು ಬಂದಳು.

ಮಾರನೇ ದಿನ ಬುತ್ತಿ ಬಿಚ್ಚುವ ಹೊತ್ತಿಗೆ ನಡೆದದ್ದನ್ನು ಹೇಳಿದಳು. ಪ್ಲೇಟುಗಳ ನೆರಳಿನಲ್ಲಿ ಕೂತಿದ್ದ ಹೆಂಗಸರು ಉರಿದುಬಿದ್ದರು. ಬರಿ, ನಾವು ಹೇಳ್ತೀವಿ ಅಂದರು. ಜೊತೆಗೆ ತಂದಿದ್ದ ತನ್ನ ಮಗಳ ಹಳೇ ನೋಟ್‌ಬುಕ್ಕಿನಲ್ಲಿ ರಾಧಾಮಣಿ ಬರೆಯುತ್ತಾ ಹೋದಳು. ಹತ್ತು ಜನಕ್ಕೆ ದಿನಾ ಸಾಲು ಹಂಚುವವಳು ಯಾರು? ರಾಧಾ. ಗಾಜು ಕಾದಮೇಲೆ ತಣ್ಣೀರು ಹಾಕಿದರೆ ಸೀಳು ಬಿಡುತ್ತೆ, ಹೊತ್ತೇರುವ ಮುಂಚೆ ತೊಳೀರಿ ಎಂದು ಹೊಸಬರಿಗೆ ಹೇಳಿಕೊಡುವವಳು? ರಾಧಾ. ಕೊಳಕುಮಂಡಲ ಹಾವು ಕಂಡಾಗ ಎಲ್ಲರನ್ನೂ ಹಿಂದೆ ಸರಿಸಿ, ಹಾವು ಹಿಡಿಯುವವನು ಬರುವ ತನಕ ಕಾವಲು ನಿಂತವಳು? ಕೈಗವಸು ಕೊಡದೆ ಕೆಲಸಕ್ಕೆ ಇಳಿಯಲ್ಲ ಅಂದವಳು?

"ಅದು ಬ್ಯಾಡಕ್ಕ, ಜಗಳಗಂಟಿ ಅಂತಾರೆ" ಎಂದಳು ರಾಧಾಮಣಿ.

"ಅಂದ್ರೆ ಅನ್ಲಿ, ಬರಿ!" ಎಂದಳು ಪಾಪಕ್ಕ.

ಎರಡು ಪುಟ ತುಂಬಿತು. ಮೋಹನ್ ಕುಮಾರ್ ಅದನ್ನು ಓದಿ, ಒಂದು ಪುಟಕ್ಕೆ ಅಚ್ಚುಕಟ್ಟಾಗಿ ಇಳಿಸಿಕೊಟ್ಟ.

ಆಮೇಲೆ ವಾರವಿಡೀ ಊಟದ ಹೊತ್ತಿನಲ್ಲಿ ತಾಲೀಮು. ಪಾಪಕ್ಕ ಬಕೆಟ್ ಬೋರಲು ಹಾಕಿಕೊಂಡು ಸಾಹೇಬರಂತೆ ಕೂರುವಳು. "ನಿಮ್ಮ ಬಗ್ಗೆ ಹೇಳ್ರೀ" ಎಂದು ಗತ್ತಿನಲ್ಲಿ ಕೇಳಿ, ರಾಧಾಮಣಿ ಬಾಯಿ ತೆರೆಯುವಷ್ಟರಲ್ಲಿ "ನಿಮ್ಮ ಅತ್ತೆ ಹೆಂಗೆ? ಮಾತಾಡ್ಸ್ತಾರಾ?" ಎನ್ನುವಳು. ಮನೆಯಲ್ಲಿ ರಂಗರಾಜುವಿನದು ಇನ್ನೊಂದು ವರಸೆ: "ಲೇ, ಅಲ್ಲಿ ತಲೆ ಬಗ್ಗಿಸ್ಕೊಂಡು ಕೂರಬ್ಯಾಡ. ನನ್ನ ಬಯ್ಯೋವಾಗ ನೋಡ್ತೀಯಲ್ಲ, ಅಂಗೆ ನೋಡು."

ಸಂದರ್ಶನದ ದಿನ ಬಂದದ್ದು ಐದು ಜನ. ಉಳಿದ ನಾಲ್ವರೂ ಎಳೆ ಹುಡುಗಿಯರು, ಇಬ್ಬರು ಡಿಗ್ರಿಯವರು. ಅವರ ಕೈಯಲ್ಲಿ ದಪ್ಪ ದಪ್ಪ ಫೈಲು. ರಾಧಾಮಣಿಯ ಕೈಯಲ್ಲಿ ಒಂದೇ ಹಾಳೆ. ಬೆವರಿಗೆ ಅದರ ಮೂಲೆ ಮೆತ್ತಗಾಗಿತ್ತು.

ಒಳಗೆ ಕನ್ನಡಕದ ಮೇಡಂ ಒಬ್ಬರು, ಪಕ್ಕದಲ್ಲಿ ಅಶ್ವತ್ಥ ಎಂಬ ಇಂಜಿನಿಯರ್. ಕುರ್ಚಿಯಲ್ಲಿ ಕೂತಿದ್ದೇ ತಡ, ವಾರದ ತಾಲೀಮೆಲ್ಲ ಗಾಳಿಗೆ ಹೋಯಿತು.

"ನಿಮ್ಮ ದೌರ್ಬಲ್ಯ ಏನು?" ಎಂದರು ಮೇಡಂ.

ಈ ಪ್ರಶ್ನೆಯನ್ನು ಪಾಪಕ್ಕ ಕೇಳಿರಲಿಲ್ಲ. ರಾಧಾಮಣಿ ಒಂದು ಗಳಿಗೆ ಯೋಚಿಸಿ, "ಎಡಗಾಲು ಮಂಡಿ ಸ್ವಲ್ಪ ನೋಯ್ತದೆ ಮೇಡಂ, ಕೆಲ್ಸಕ್ಕೇನೂ ತೊಂದ್ರೆ ಇಲ್ಲ" ಎಂದಳು. ಅಶ್ವತ್ಥ ಕೆಮ್ಮುವಂತೆ ಮಾಡಿ ನಗು ನುಂಗಿದರು. ಮೇಡಂಗೆ ಅದೂ ಆಗಲಿಲ್ಲ, ನಕ್ಕೇಬಿಟ್ಟರು. ತಾನೇನೋ ತಪ್ಪು ಹೇಳಿದೆ ಎಂದು ತಿಳಿದು ರಾಧಾಮಣಿಯ ಕಿವಿ ಬಿಸಿಯಾಯಿತು.

ಕಂಪ್ಯೂಟರ್ ಬರುತ್ತಾ ಎಂದು ಕೇಳಿದರು. ಬರಲ್ಲ ಎಂದಳು. ಮುಗಿಯಿತು ಅಂದುಕೊಂಡಳು.

ಆಗ ಅಶ್ವತ್ಥ ಹಾಳೆಯಿಂದ ತಲೆಯೆತ್ತಿದರು. "ಏಳು ವರ್ಷದಿಂದ ಇದೀರಿ. ಮಳೆ ಬಂದಾಗೆಲ್ಲ ಪಡುವಲ ಕಡೆ ಬ್ಲಾಕಿನಲ್ಲಿ ನೀರು ನಿಲ್ಲುತ್ತೆ. ಎಷ್ಟು ಸಲ ಚರಂಡಿ ತೆಗೆಸಿದ್ರೂ ಅಷ್ಟೇ. ಯಾಕೆ ಹೇಳಿ?"

ರಾಧಾಮಣಿ ಕುರ್ಚಿಯಲ್ಲಿ ಮುಂದಕ್ಕೆ ಸರಿದಳು. "ಚರಂಡಿ ತೆಗ್ದಿರೋದು ಎತ್ತರದ ಕಡೆ ಸಾರ್. ಅಲ್ಲಿ ಹುಣಸೇಮರದ ಹೊಲ ಇತ್ತು. ಅದರ ಕೆಳಗಿನ ಬದು ಒಡೆದು ಮಟ್ಟ ಮಾಡಿದ್ರಲ್ಲ, ನೀರು ಮೊದ್ಲು ಆ ಬದೂನ ಬಳಸ್ಕೊಂಡು ಹಳ್ಳಕ್ಕೆ ಹೋಗ್ತಿತ್ತು." ಮಾತಿನಲ್ಲಿ ತಿಳಿಯುವುದಿಲ್ಲ ಎನಿಸಿ, ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ತನ್ನ ಬಯೋಡೇಟಾ ತಿರುಗಿಸಿ ಅದರ ಬೆನ್ನ ಮೇಲೆ ಗೆರೆ ಎಳೆದಳು. ಇದು ಹಳ್ಳ, ಇದು ಬದು, ಇಲ್ಲಿ ಇಳಿಜಾರು. ಅಶ್ವತ್ಥ ಎದ್ದು ಬಂದು ಅವಳ ಪಕ್ಕ ನಿಂತರು. ಮೇಡಂ ಕನ್ನಡಕ ಸರಿಮಾಡಿಕೊಂಡರು. ಹತ್ತು ನಿಮಿಷವೆಂದು ಒಳಗೆ ಹೋದವಳು ಮುಕ್ಕಾಲು ಗಂಟೆ ಬಿಟ್ಟು ಹೊರಗೆ ಬಂದಳು.

ನಾಲ್ಕನೇ ದಿನ ಫೋನ್ ಬಂತು. ಕೆಲಸ ಅವಳಿಗೇ. ಆದರೆ ಅವಳ ಗುಂಪಿನ ಮೇಲಲ್ಲ, ನೀರು ನಿಲ್ಲುವ ಆ ಪಡುವಲ ಬ್ಲಾಕಿಗೆ. ಹೆಂಗಸರು ಕುಣಿದಾಡಿದ್ದೂ ಆಯಿತು, ಆಮೇಲೆ ನಾಳೆಯಿಂದ ಸಾಲು ಹಂಚುವವರು ಯಾರು ಎಂದು ಒಬ್ಬರನ್ನೊಬ್ಬರು ಕೇಳಿಕೊಂಡದ್ದೂ ಆಯಿತು. "ನಾವೇ ಹೇಳ್ಕೊಟ್ಟು ನಾವೇ ಕಳಿಸ್ದಂಗಾಯ್ತಲ್ಲೇ" ಎಂದು ಪಾಪಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು.

ಹೊಸ ಬ್ಲಾಕಿನ ಹೆಂಗಸರು ಮೊದಲ ವಾರ ಅವಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮುಂಗಾರಿನ ಮೊದಲ ದೊಡ್ಡ ಮಳೆಗೆ, ಅವಳು ತೋರಿಸಿದ ಜಾಗದಲ್ಲಿ ಏರಿಸಿದ್ದ ಬದು ಬಳಸಿಕೊಂಡು ನೀರು ಹಳ್ಳಕ್ಕೆ ಇಳಿದುಹೋಯಿತು. ಅಂದಿನಿಂದ ಅಲ್ಲಿಯ ಕರಿಬಸಮ್ಮ ಅವಳಿಗೂ ಒಂದು ರೊಟ್ಟಿ ಹೆಚ್ಚಿಗೆ ಕಟ್ಟಿಕೊಂಡು ಬರುತ್ತಾಳೆ. ಸಂಜೆಯ ವರದಿಯನ್ನು ರಾಧಾಮಣಿ ಈಗ ಕಂಪ್ಯೂಟರಿನಲ್ಲೇ ಹೊಡೆಯುತ್ತಾಳೆ, ಒಂದೇ ಬೆರಳಿನಲ್ಲಿ. ಒತ್ತಕ್ಷರ ಬಂದಾಗ ಮಾತ್ರ ಸ್ವಲ್ಪ ತಡವಾಗುತ್ತದೆ.